'ಜೀವಕ್ಕೆ ಸಮಾಧಾನವಿಲ್ಲ' ಎನ್ನುವ ತಾಯಂದಿರು

ಸಕ್ಕರೆ ಕಾಯಿಲೆ, ರಕ್ತದೊತ್ತಡ, ದಮ್ಮು, ಮೊಣಕಾಲು ನೋವು: ಅರವತ್ತು ದಾಟಿದ ತಾಯಂದಿರಿರುವ ಮನೆಗಳಲ್ಲಿ ಈ ಹೆಸರುಗಳು ಈಗ ದಿನಬಳಕೆಯ ಮಾತುಗಳಾಗಿವೆ. ದೇವರ ಜಗಲಿಯ ಪಕ್ಕದಲ್ಲಿಯೇ ಗುಳಿಗೆಯ ಡಬ್ಬಿ ಇರುತ್ತದೆ. ಮುಂಜಾನೆ ಇಷ್ಟಲಿಂಗ ಪೂಜೆ ಮುಗಿದೊಡನೆ ಕೈ ಅತ್ತ ಹೋಗುತ್ತದೆ. ಕಾಲಕಾಲಕ್ಕೆ ರಕ್ತ ಪರೀಕ್ಷೆ ಮಾಡಿಸುತ್ತಾರೆ, ಒತ್ತಡ ನೋಡಿಸುತ್ತಾರೆ. ಆದರೆ ಅದೇ ತಾಯಿ "ಯಾಕೋ ಜೀವಕ್ಕ ಸಮಾಧಾನ ಇಲ್ಲಪಾ" ಎಂದರೆ ಅದು ಯಾವ ಚೀಟಿಯ ಮೇಲೂ ಬರುವುದಿಲ್ಲ. ಕೊರೋನಾ ಕಾಲದ ಎರಡು ವರ್ಷಗಳಲ್ಲಿ ಬೆಳಗಾವಿ ನಗರದಲ್ಲಿಯೂ ಖಾನಾಪುರ ತಾಲೂಕಿನ ಹಳ್ಳಿಗಳಲ್ಲಿಯೂ ಈ ಮಾತನ್ನು ನಾವು ಮತ್ತೆ ಮತ್ತೆ ಕೇಳಿದ್ದೇವೆ. ಸೋಂಕು ಇಳಿದ ಮೇಲೂ ಹಲವು ಮನೆಗಳಲ್ಲಿ ಆ ಮಾತು ನಿಂತಿಲ್ಲ. ಆದ್ದರಿಂದಲೇ ಈ ತಿಂಗಳು ಅದರ ಬಗೆಗೆ ಬರೆಯುತ್ತಿದ್ದೇವೆ.

2020ರ ಮಾರ್ಚ್ 10ರಂದು ಕಲಬುರಗಿಯ 76 ವರ್ಷದ ಹಿರಿಯರೊಬ್ಬರು ತೀರಿಕೊಂಡರು. ದೇಶದಲ್ಲಿ ಕೊರೋನಾದಿಂದಾದ ಮೊದಲ ಸಾವು ಅದು. ನಮ್ಮ ಭಾಗದ ಹಿರಿಯರು ಆ ಸುದ್ದಿಯನ್ನು ದೂರದ ಊರಿನ ಸುದ್ದಿಯೆಂದು ಕೇಳಲಿಲ್ಲ, ತಮ್ಮ ಬಗ್ಗೆಯೇ ಹೇಳಿದ್ದೆಂದು ಕೇಳಿದರು. ಎರಡು ವಾರ ಕಳೆಯುವಷ್ಟರಲ್ಲಿ, ಮಾರ್ಚ್ 25ರಿಂದ, ದೇಶವೇ ಬಾಗಿಲು ಹಾಕಿಕೊಂಡಿತು. ಅರವತ್ತೈದು ದಾಟಿದವರು, ದೀರ್ಘ ಕಾಯಿಲೆಯವರು ಹೊರಗೆ ಬರಲೇಬಾರದೆಂದು ಸರ್ಕಾರ ಹೇಳಿತು. ವೈದ್ಯಶಾಸ್ತ್ರದ ದೃಷ್ಟಿಯಿಂದ ಅದು ಸರಿಯಾದ ಮಾತೇ ಆಗಿತ್ತು. ಸಕ್ಕರೆ, ಒತ್ತಡ, ಹೃದಯದ ತೊಂದರೆ ಇದ್ದವರಲ್ಲಿ ಸೋಂಕು ಬೇಗ ಉಲ್ಬಣಿಸುತ್ತಿತ್ತು. ಆದರೆ ಟಿವಿಯಲ್ಲಿ ದಿನವಿಡೀ ಅದನ್ನೇ ಕೇಳುತ್ತ ಕುಳಿತ ತಾಯಿಗೆ ತಿಳಿದದ್ದು ಒಂದೇ: ಇದು ಬಂದರೆ ನಾನು ಉಳಿಯುವುದಿಲ್ಲ.

ಮನೆಯ ಹರೆಯದವರು ಕೆಲವು ವಾರಗಳಲ್ಲಿ ಹೊರಬಿದ್ದರು. ಅಂಗಡಿ ತೆರೆಯಿತು, ಕಚೇರಿ ತೆರೆಯಿತು, ಮೇ ತಿಂಗಳ ನಡುವಿನಲ್ಲಿ ಬಸ್ಸುಗಳೂ ಓಡಿದವು. ಹಿರಿಯ ತಾಯಿಗೆ ಮಾತ್ರ "ನೀ ಒಳಗ ಕೂಡ್ರವ್ವ" ಎಂಬ ಮಾತು ತಪ್ಪಲಿಲ್ಲ. 2021ರ ಮಾರ್ಚ್ 1ರಿಂದ ಅರವತ್ತು ದಾಟಿದವರಿಗೆ ಲಸಿಕೆ ಬಂದಿತು, ಸ್ವಲ್ಪ ಧೈರ್ಯ ಮೂಡಿತು. ಅಷ್ಟರಲ್ಲಿ ಏಪ್ರಿಲ್‌ನಲ್ಲಿ ಎರಡನೆಯ ಅಲೆ ಬಂದು ಮತ್ತೆ ಅದೇ ಕೋಣೆ, ಅದೇ ಕಿಟಕಿ.

ನೂರಿಪ್ಪತ್ತು ವರ್ಷಗಳ ಹಿಂದೆ ಇದೇ ಸೀಮೆಯಲ್ಲಿ ಪ್ಲೇಗು ಬಂದಾಗ ಜನ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿದ್ದರೆಂದು ಹಿರಿಯರು ಹೇಳುತ್ತಿದ್ದರು. ಆಗಿನ ಸಾವುನೋವು ಭಯಂಕರವಾದದ್ದು, ಅದರ ಜೊತೆ ಹೋಲಿಕೆ ಬೇಡ. ಆದರೂ ಒಂದನ್ನು ಗಮನಿಸಬೇಕು. ಆಗ ಅಕ್ಕಪಕ್ಕದ ಮನೆಯವರು ಹೊಲದಲ್ಲಿಯೂ ಅಕ್ಕಪಕ್ಕದಲ್ಲಿಯೇ ಇದ್ದರು. ಕೊರೋನಾ ಪ್ರತಿಯೊಬ್ಬರನ್ನೂ ಅವರವರ ಕೋಣೆಗೆ ಕಳುಹಿಸಿತು.

ಕಳೆದುಹೋದದ್ದೇನು

ಹೆಣ್ಣುಮಗಳು ತನ್ನ ಮನಸ್ಸಿನ ಆರೋಗ್ಯಕ್ಕಾಗಿ ಎಂದು ಹೇಳಿ ಎಲ್ಲಿಗೂ ಹೋಗುವವಳಲ್ಲ. ಸೋಮವಾರ ಮಠಕ್ಕೆ ಹೋಗುತ್ತಾಳೆ. ಶ್ರಾವಣದಲ್ಲಿ ಪುರಾಣ ಕೇಳಲು ಹೋಗುತ್ತಾಳೆ, ಎದುರು ಮನೆಗೆ ಶಾವಿಗೆ ಹೊಸೆಯಲು ಹೋಗುತ್ತಾಳೆ, ಕಾಯಿಪಲ್ಲೆ ತರುವ ನೆಪದಲ್ಲಿ ಗಣಪತ ಗಲ್ಲಿಯವರೆಗೆ ನಡೆದು ದಾರಿಯಲ್ಲಿ ನಾಲ್ವರನ್ನು ಮಾತಾಡಿಸಿ ಬರುತ್ತಾಳೆ. ಟಿಳಕವಾಡಿಯ ಕಡೆಯವರಾದರೆ ವ್ಯಾಕ್ಸಿನ್ ಡಿಪೋದ ಮರಗಳ ಕೆಳಗೆ ಬೆಳಗಿನ ನಡಿಗೆ. (ಹಿಂದೆ ಸಿಡುಬಿನ ಲಸಿಕೆ ತಯಾರಾಗುತ್ತಿದ್ದ ಜಾಗವದು, ಹೆಸರು ಅದರಿಂದಲೇ ಬಂದದ್ದು.) ಇವು ಯಾವುವೂ ಔಷಧಿಯ ಚೀಟಿಯಲ್ಲಿ ಬರೆದವಲ್ಲ. ಆದರೆ ಇವೆಲ್ಲ ಒಂದೇ ದಿನ ನಿಂತಾಗ ಅದರ ಪರಿಣಾಮ ಸಕ್ಕರೆಯ ಲೆಕ್ಕದಲ್ಲಿಯೂ ಕಾಣಿಸಿತು, ನಿದ್ರೆಯಲ್ಲಿಯೂ ಕಾಣಿಸಿತು.

2020ರ ಪಂಚಮಿಯನ್ನು ನೆನೆಯಿರಿ. ನಮ್ಮ ಕಡೆ ಪಂಚಮಿಯೆಂದರೆ ಹೆಣ್ಣುಮಕ್ಕಳು ತವರಿಗೆ ಬರುವ ಹಬ್ಬ. ಉಂಡಿ ಕಟ್ಟುವುದು, ಜೋಕಾಲಿ ಆಡುವುದು ಎಲ್ಲ ಆಮೇಲಿನ ಮಾತು. ಆ ವರ್ಷ ಎಷ್ಟೋ ಹೆಣ್ಣುಮಕ್ಕಳು ಬರಲಿಲ್ಲ. ಕರೆಯಲು ಅಣ್ಣತಮ್ಮಂದಿರು ಹೋಗಲಿಲ್ಲ. ತಾಯಿಗೆ ಸೋಂಕು ತಾಗೀತೆಂಬ ಕಾಳಜಿಯಿಂದಲೇ ಎಲ್ಲರೂ ಹಾಗೆ ಮಾಡಿದರು, ತಾಯಿಯೂ ಅದನ್ನು ಬಲ್ಲಳು. ಆದರೂ ಎಪ್ಪತ್ತರ ತಾಯಿ ಮುಂದಿನ ಪಂಚಮಿಗೆ ತಾನಿರುವೆನೆಂದು ಲೆಕ್ಕ ಹಾಕಿ ಬದುಕುವುದಿಲ್ಲ. ಅವಳ ಪಾಲಿಗೆ ಒಂದು ಹಬ್ಬ ತಪ್ಪಿತೆಂದರೆ ಮಗಳನ್ನು ಕಾಣುವ ಎಣಿಸಿಟ್ಟ ಸರದಿಗಳಲ್ಲಿ ಒಂದು ಹೋಯಿತೆಂದು ಅರ್ಥ.

ಇನ್ನು ಕೆಲಸದ ಮಾತು. ಕಾಯಕವೆಂಬುದನ್ನು ನಮ್ಮ ಪರಂಪರೆ ಬಹಳ ಎತ್ತರದಲ್ಲಿಟ್ಟಿದೆ, ಭಕ್ತರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ವೃದ್ಧ ತಾಯಿಯ ವಿಷಯದಲ್ಲಿ ಅದನ್ನು ಮರೆತುಬಿಡುತ್ತೇವೇನೋ. ಕೆಲವು ಮನೆಗಳಲ್ಲಿ ಪ್ರೀತಿಯಿಂದಲೇ ಅವಳ ಕೈಯಿಂದ ಎಲ್ಲ ಕೆಲಸವನ್ನೂ ತೆಗೆದುಕೊಂಡರು. ಪಲ್ಲೆ ಸೋಸುವುದು ಬೇಡ, ಹಾಲು ತರುವುದು ಬೇಡ, ಮೊಮ್ಮಗುವನ್ನು ಎತ್ತಿಕೊಳ್ಳುವುದು ಬೇಡ. ವಡಗಾವಿ, ಖಾಸಬಾಗದ ನೇಕಾರ ಮನೆಗಳಲ್ಲಿ ಮಗ್ಗವೇ ನಿಂತಿತ್ತು; ಕಂಡಿಕೆ ಸುತ್ತಿ ಮನೆಗೆ ನೆರವಾಗುತ್ತಿದ್ದ ಅಜ್ಜಿಗೆ ಈಗ ಕೈಗೆ ಕೆಲಸವಿಲ್ಲ, ಕಣ್ಣೆದುರಿಗೆ ಮಗನ ಚಿಂತೆ. ಇನ್ನು ಕೆಲವು ಮನೆಗಳಲ್ಲಿ ಇದಕ್ಕೆ ತೀರ ವಿರುದ್ಧ. ಪುಣೆ, ಬೆಂಗಳೂರುಗಳಿಂದ ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು ಬಂದು ಸೇರಿ, ಅರವತ್ತೆಂಟರ ತಾಯಿ ಮಂಡಿನೋವಿನಲ್ಲಿಯೇ ಮೂರು ಹೊತ್ತು ರೊಟ್ಟಿ ಬಡಿದಳು. ಮನೆ ತುಂಬಿತೆಂಬ ಸಂತೋಷ ಅವಳಿಗಿತ್ತು. ಮಧ್ಯಾಹ್ನ ಅರ್ಧ ತಾಸು ಬೆನ್ನು ಚಾಚಲು ಜಾಗವಿರಲಿಲ್ಲ, ಅದನ್ನು ಹೇಳಲು ಮನಸ್ಸಿರಲಿಲ್ಲ.

ಖಾನಾಪುರದ ಕಡೆ

ಬೆಳಗಾವಿಯಿಂದ ಖಾನಾಪುರಕ್ಕೆ ಸುಮಾರು 26 ಕಿಲೋಮೀಟರ್. ಅಲ್ಲಿಂದ ಮುಂದೆ ಜಾಂಬೋಟಿ, ಕಣಕುಂಬಿ, ಗುಂಜಿ, ಲೋಂಡಾ ಎಂದು ಸಾಗಿದಂತೆ ಸಹ್ಯಾದ್ರಿಯ ಕಾಡು ದಟ್ಟವಾಗುತ್ತದೆ. ಮಲಪ್ರಭೆ ಹುಟ್ಟುವುದು ಕಣಕುಂಬಿಯಲ್ಲಿ. ಇಲ್ಲಿಯ ತಾಯಂದಿರಿಗೆ ನಗರದವರಂತೆ ಕೋಣೆಯ ಸೆರೆ ಇರಲಿಲ್ಲವೆಂಬುದು ನಿಜ. ಹಿತ್ತಲಿತ್ತು, ದನ ಇದ್ದವು, ಗದ್ದೆ ಇತ್ತು. ಹೊಲಕ್ಕೆ ಹೋಗಬೇಡವೆಂದು ಯಾರೂ ಹೇಳಲಿಲ್ಲ. ಮನಸ್ಸಿನ ಮಟ್ಟಿಗೆ ಇದೊಂದು ದೊಡ್ಡ ಭಾಗ್ಯವೇ ಆಯಿತು ಎಂದು ನಮ್ಮ ಅನಿಸಿಕೆ.

ಅವರ ಕಷ್ಟ ಬೇರೆ. ಗಂಡುಮಕ್ಕಳು ಗೋವೆಯಲ್ಲಿ ದುಡಿಯುವವರು, ಗಡಿ ಮುಚ್ಚಿತ್ತು. ಬಸ್ಸು ನಿಂತಿತ್ತು. ತಿಂಗಳ ಗುಳಿಗೆಗಾಗಿ ಖಾನಾಪುರಕ್ಕೋ ಬೆಳಗಾವಿಗೋ ಬರುತ್ತಿದ್ದವರಿಗೆ ದಾರಿಯೇ ಇರಲಿಲ್ಲ. ಬೆಳಗಾವಿಯ ಜಿಲ್ಲಾ ಆಸ್ಪತ್ರೆ ಕೊರೋನಾ ರೋಗಿಗಳ ಚಿಕಿತ್ಸೆಗೆ ಮೀಸಲಾದಾಗ, ಹಳೆಯ ಕಾಯಿಲೆಯವರು ಆ ಕಡೆ ಸುಳಿಯಲೂ ಹೆದರಿದರು. ದೀರ್ಘ ಕಾಯಿಲೆಯವರಿಗೆ ಮೂರು ತಿಂಗಳವರೆಗಿನ ಗುಳಿಗೆಗಳನ್ನು ಆಶಾ ಕಾರ್ಯಕರ್ತೆಯರ ಮೂಲಕ, ಉಪಕೇಂದ್ರಗಳ ಮೂಲಕ ತಲುಪಿಸಬಹುದೆಂದು ಕೇಂದ್ರ ಆರೋಗ್ಯ ಇಲಾಖೆ 2020ರ ಏಪ್ರಿಲ್‌ನಲ್ಲಿಯೇ ತಿಳಿಸಿತ್ತು. ಆಶಾ ತಾಯಂದಿರು ಸೋಂಕಿನ ಸಮೀಕ್ಷೆಯ ಜೊತೆಯಲ್ಲಿ ಈ ಭಾರವನ್ನೂ ಹೊತ್ತರು, ಅವರ ಸೇವೆಯನ್ನು ಎಷ್ಟು ನೆನೆದರೂ ಕಡಿಮೆಯೇ. ಫೋನಿನಲ್ಲಿ ವೈದ್ಯರನ್ನು ಕಾಣುವ ಇ-ಸಂಜೀವಿನಿ ಸೇವೆಯೂ ಅದೇ ತಿಂಗಳು ಆರಂಭವಾಯಿತು. ಆದರೆ ಭೀಮಗಡದ ಕಾಡಿನ ಹಳ್ಳಿಗಳಲ್ಲಿ ಫೋನಿಗೆ ಸಿಗ್ನಲ್ ಸಿಗುವುದೇ ದುರ್ಲಭ. ಮಳೆಗಾಲದಲ್ಲಿ ಹಳ್ಳ ಬಂದರೆ ದಾರಿಯೂ ಇಲ್ಲ. ಗುಳಿಗೆ ತೀರಿಹೋದ ತಾಯಿ ಒಂದನ್ನು ಅರ್ಧ ಮಾಡಿ ನುಂಗುತ್ತಾಳೆ, ದಿನ ಬಿಟ್ಟು ದಿನ ನುಂಗುತ್ತಾಳೆ, ಯಾರಿಗೂ ಹೇಳುವುದಿಲ್ಲ. ಒತ್ತಡ ಏರಿ ತಲೆ ಸುತ್ತಿದಾಗ, ಅದು ಅಂಜಿಕೆಯಿಂದ ಬಂದದ್ದೋ ಗುಳಿಗೆ ತಪ್ಪಿದ್ದರಿಂದ ಬಂದದ್ದೋ ಅವಳಿಗೂ ತಿಳಿಯುವುದಿಲ್ಲ.

ಮೈ ಆಡುವ ಮಾತು

ನಮ್ಮ ತಾಯಂದಿರು "ನನಗೆ ಖಿನ್ನತೆ" ಎಂದು ಹೇಳಿದ್ದನ್ನು ನಾವು ಕೇಳಿಲ್ಲ. "ಎದಿ ಹಾರತೈತಿ", "ಕೈಕಾಲಾಗ ಶಕ್ತಿ ಇಲ್ಲ", "ನಿದ್ದಿ ಹತ್ತವಲ್ದು", "ಊಟ ಸೇರವಲ್ದು", "ಹೊಟ್ಟ್ಯಾಗ ಸಂಕಟ" ಎನ್ನುತ್ತಾರೆ. ಖಾನಾಪುರದ ಮರಾಠಿ ಮಾತಿನ ತಾಯಿ 'ಜೀವ ಘಾಬರತೋಯ್' ಎನ್ನುತ್ತಾಳೆ. ಎರಡೂ ಭಾಷೆಗಳಲ್ಲಿ ನೋವು 'ಜೀವ'ಕ್ಕೇ ಆಗುವುದು, ಮನಸ್ಸಿಗಲ್ಲ. ಇದು ಅಜ್ಞಾನವಲ್ಲ. ಮೈ ಮನಸ್ಸುಗಳನ್ನು ಬೇರೆ ಮಾಡದ ತಿಳಿವಳಿಕೆಯೊಂದು ಈ ಮಾತಿನಲ್ಲಿದೆ, ಮತ್ತು ವೈದ್ಯಶಾಸ್ತ್ರ ಇಂದು ಅದನ್ನು ಬಹುಮಟ್ಟಿಗೆ ಒಪ್ಪುತ್ತದೆ. ಭಯ, ಚಿಂತೆ ಬಹುಕಾಲ ನಿಂತರೆ ದೇಹದಲ್ಲಿ ಕಾರ್ಟಿಸಾಲ್ ಎಂಬ ರಸ ಹೆಚ್ಚುತ್ತದೆ. ಅದು ರಕ್ತದ ಸಕ್ಕರೆಯನ್ನು ಏರಿಸುತ್ತದೆ, ಒತ್ತಡವನ್ನೂ ಏರಿಸುತ್ತದೆ. ಸಕ್ಕರೆ ಕಾಯಿಲೆ ಇದ್ದವರಲ್ಲಿ ಖಿನ್ನತೆ, ಇಲ್ಲದವರಿಗಿಂತ ಸುಮಾರು ಎರಡು ಪಟ್ಟು ಹೆಚ್ಚು ಕಾಣುತ್ತದೆ. ಮನಸ್ಸು ಕುಗ್ಗಿದವರು ಪಥ್ಯ ಬಿಡುತ್ತಾರೆ, ನಡಿಗೆ ಬಿಡುತ್ತಾರೆ, ಗುಳಿಗೆ ಮರೆಯುತ್ತಾರೆ. ಸಕ್ಕರೆ ಮತ್ತೆ ಏರುತ್ತದೆ.

ತೊಂದರೆ ಎಲ್ಲಿ ಎಂದರೆ, ಆಯಾಸ, ನಿದ್ರಾಹೀನತೆ, ಹಸಿವಿಲ್ಲದಿರುವುದು ಹಳೆಯ ಕಾಯಿಲೆಯ ಲಕ್ಷಣಗಳೂ ಹೌದು, ಖಿನ್ನತೆಯ ಲಕ್ಷಣಗಳೂ ಹೌದು. ಮನೆಯವರು 'ವಯಸ್ಸಾಯಿತಲ್ಲ' ಎನ್ನುತ್ತಾರೆ, ಗಡಿಬಿಡಿಯಲ್ಲಿರುವ ವೈದ್ಯರು ಶಕ್ತಿಯ ಗುಳಿಗೆ ಬರೆಯುತ್ತಾರೆ. ನಮ್ಮ ದೇಶದ ಹಿರಿಯರ ಬಗೆಗೆ 2017-18ರಲ್ಲಿ ನಡೆದ 'ಲಾಸಿ' ಎಂಬ ದೊಡ್ಡ ಸಮೀಕ್ಷೆಯಲ್ಲಿ, ಅರವತ್ತು ದಾಟಿದವರಲ್ಲಿ ನೂರಕ್ಕೆ 8.3 ಜನರಲ್ಲಿ ತೀವ್ರ ಖಿನ್ನತೆಯ ಲಕ್ಷಣಗಳು ಕಂಡುಬಂದವು. ತಮಗೆ ಖಿನ್ನತೆ ಇದೆಯೆಂದು ವೈದ್ಯರು ಗುರುತಿಸಿದ್ದಾರೆ ಎಂದವರು ನೂರಕ್ಕೆ ಒಬ್ಬರೂ ಇರಲಿಲ್ಲ. ಇದು ಕೊರೋನಾ ಬರುವ ಮೊದಲಿನ ಮಾತು ಎಂಬುದನ್ನು ಗಮನಿಸಬೇಕು. ಕೊರೋನಾದ ಮೊದಲ ವರ್ಷದಲ್ಲಿ ಜಗತ್ತಿನಾದ್ಯಂತ ಆತಂಕ, ಖಿನ್ನತೆಗಳು ಶೇ. 25ರಷ್ಟು ಹೆಚ್ಚಿದವೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿತು. ಗಂಡಸರಿಗಿಂತ ಹೆಂಗಸರಿಗೆ, ಮೊದಲೇ ದೀರ್ಘ ಕಾಯಿಲೆ ಇದ್ದವರಿಗೆ ಹೆಚ್ಚು ಪೆಟ್ಟು ಬಿದ್ದಿತೆಂದೂ ಹೇಳಿತು.

ಹಿರಿಯರೆಲ್ಲರೂ ಕುಗ್ಗಿಹೋದರೆಂದು ಮಾತ್ರ ತಿಳಿಯಬಾರದು. ಹರೆಯದವರಿಗಿಂತ ವೃದ್ಧರೇ ಮೊದಲ ತಿಂಗಳುಗಳನ್ನು ಹೆಚ್ಚು ಸಮಾಧಾನದಿಂದ ಕಳೆದರೆಂದು ಹೊರದೇಶಗಳ ಹಲವು ಅಧ್ಯಯನಗಳು ಹೇಳಿವೆ. ನಮ್ಮಲ್ಲಿಯೂ 1972ರ ಬರ ಕಂಡ ತಾಯಂದಿರು "ಇದಕ್ಕಿಂತ ದೊಡ್ಡದು ನೋಡೇವಿ" ಎಂದು ಮನೆಯವರಿಗೇ ಧೈರ್ಯ ಹೇಳಿದರು. ನೋಯಬೇಕಾದವರು ಯಾರೆಂದು ವಯಸ್ಸು ಒಂದೇ ಹೇಳುವುದಿಲ್ಲ. ಕಾಯಿಲೆ, ಒಂಟಿತನ, ವೈಧವ್ಯ, ಕೈಯಲ್ಲಿ ಕಾಸಿಲ್ಲದಿರುವುದು ಒಂದೆಡೆ ಸೇರಿದ ಮನೆಯ ಕಡೆಗೆ ನಮ್ಮ ಗಮನ ಮೊದಲು ಹೋಗಬೇಕು.

ಅಳಲು ಸಿಗದ ಸಾವು

2020ರ ಸೆಪ್ಟೆಂಬರ್ 23ರಂದು ಬೆಳಗಾವಿಯ ಸಂಸದರೂ ರೈಲ್ವೆ ರಾಜ್ಯ ಸಚಿವರೂ ಆಗಿದ್ದ ಸುರೇಶ ಅಂಗಡಿಯವರು ಕೊರೋನಾದಿಂದ ದೆಹಲಿಯಲ್ಲಿ ತೀರಿಕೊಂಡರು. ಅವರ ಅಂತ್ಯಕ್ರಿಯೆ ದೆಹಲಿಯಲ್ಲಿಯೇ ಆಯಿತು, ಊರಿನ ಜನಕ್ಕೆ ಕೊನೆಯ ದರ್ಶನವಾಗಲಿಲ್ಲ. ಮಂತ್ರಿಗಳ ಮನೆಯಲ್ಲಿಯೇ ಹೀಗಾದ ಮೇಲೆ ಸಾಮಾನ್ಯರ ಮನೆಯ ಮಾತೇನು?

ನಮ್ಮಲ್ಲಿ ಒಬ್ಬರು ಲಿಂಗೈಕ್ಯರಾದರೆ ಕುಳ್ಳಿರಿಸಿ ಪೂಜಿಸುತ್ತಾರೆ, ಭಜನೆ ನಡೆಯುತ್ತದೆ, ಬಂಧುಗಳು ಬಂದು ಮುಖ ನೋಡುತ್ತಾರೆ, ಮಣ್ಣಿಗೆ ಹೋಗುತ್ತಾರೆ. ಹೆಂಗಸರು ಹೆಂಡತಿಯನ್ನೋ ತಾಯಿಯನ್ನೋ ಸುತ್ತುಗಟ್ಟಿ ಕುಳಿತು, ಹೋದವರ ಗುಣ ಎತ್ತಿ ಎತ್ತಿ ಹಾಡಿಕೊಂಡು ಅಳುತ್ತಾರೆ. ಹೊರಗಿನವರಿಗೆ ಅದು ಬರಿಯ ಗದ್ದಲ. ದುಃಖ ಅಲ್ಲಿಯೇ ಹೊರಬೀಳುತ್ತದೆ, ಹಂಚಿಕೆಯಾಗುತ್ತದೆ. ಕೊರೋನಾದಲ್ಲಿ ಗಂಡ ದವಾಖಾನೆಗೆ ಹೋದದ್ದೇ ಕೊನೆ. ಮುಖ ಕಾಣಲಿಲ್ಲ, ಮಣ್ಣು ಹಾಕಲಿಲ್ಲ, ಅಳಲು ಜೊತೆಗೆ ಯಾರೂ ಬರಲಿಲ್ಲ. ಎಷ್ಟೋ ಮನೆಗಳಲ್ಲಿ ಆ ಹೆಣ್ಣುಮಗಳೂ ಸೋಂಕಿತಳಾಗಿ ಬೇರೆ ಕೋಣೆಯಲ್ಲಿದ್ದಳು. ಹತ್ತಿರದ ನೆರೆಯವರು ಬಾಗಿಲು ಹಾಕಿಕೊಂಡರು. ಅಂಥವರಲ್ಲಿ ಕೆಲವರು ಈಗಲೂ ಊಟಕ್ಕೆ ಕುಳಿತಾಗ ಬಾಗಿಲ ಕಡೆ ನೋಡುತ್ತಾರೆ. "ಅವರು ಹ್ಯಾಂಗ ಹೋದರೋ, ನೀರು ಕೇಳಿದರೋ ಏನೋ" ಎಂಬ ಮಾತನ್ನು ನಾವು ಒಬ್ಬರಿಗಿಂತ ಹೆಚ್ಚು ತಾಯಂದಿರಿಂದ ಕೇಳಿದ್ದೇವೆ.

ಇದಕ್ಕೆ ತಡವಾಯಿತೆಂದು ಏನೂ ಇಲ್ಲ. ವರ್ಷದ ಸ್ಮರಣೆಯ ದಿನ ನಾಲ್ಕು ಜನ ಬಂಧುಗಳನ್ನು ಕರೆಯಿರಿ, ಜಂಗಮರನ್ನು ಕರೆಯಿರಿ, ಭಾವಚಿತ್ರದ ಮುಂದೆ ಅವಳು ಕುಳಿತು ಮಾತಾಡಲಿ. ಮಾತಿನ ನಡುವೆ ಅತ್ತರೆ "ಅಳಬ್ಯಾಡ, ಬಿಪಿ ಏರತೈತಿ" ಎಂದು ತಡೆಯಬೇಡಿ. ಅಳುವಿನಿಂದ ಆಗುವ ಕೆಡುಕು, ಅದನ್ನು ನುಂಗಿಕೊಂಡದ್ದರಿಂದ ಆಗುವುದಕ್ಕಿಂತ ಹೆಚ್ಚಿನದಲ್ಲ.

ಗುರುತಿಸುವುದು, ತೋರಿಸುವುದು

ಮನೆಯವರು ಎರಡು ಪ್ರಶ್ನೆ ಕೇಳಿದರೆ ಸಾಕು, ವೈದ್ಯರೂ ಮೊದಲು ಕೇಳುವುದು ಇವನ್ನೇ. ಕಳೆದ ಎರಡು ವಾರಗಳಲ್ಲಿ, ಮೊದಲು ಇಷ್ಟಪಟ್ಟು ಮಾಡುತ್ತಿದ್ದುದರಲ್ಲಿ ಈಗ ಆಸಕ್ತಿ ಇಲ್ಲವೆನಿಸುತ್ತಿದೆಯೇ? ಹೆಚ್ಚಿನ ದಿನ ಮನಸ್ಸು ಬಾಡಿದಂತೆ, ಎಲ್ಲ ಮುಗಿಯಿತೆಂಬಂತೆ ಆಗಿದೆಯೇ? ನಮ್ಮ ಮನೆಗಳಲ್ಲಿ ಇದನ್ನು ಕೇಳದೆಯೂ ಕಾಣಬಹುದು. ಪೂಜೆಗೆ ಹೂ ಬಿಡಿಸುತ್ತಿದ್ದವಳು ಬಿಟ್ಟಿದ್ದಾಳೆ, ಸೀರೆ ಆರಿಸುವುದಿಲ್ಲ, ಮೊಮ್ಮಗಳು ಫೋನು ಕೊಟ್ಟರೆ "ನೀನೇ ಮಾತಾಡವ್ವ" ಎನ್ನುತ್ತಾಳೆ. ಎರಡು ವಾರಕ್ಕಿಂತ ಹೆಚ್ಚು ದಿನ ಹೀಗಿದ್ದರೆ ತೋರಿಸಬೇಕು.

ತೋರಿಸುವಾಗ ಮೈಯ ಪರೀಕ್ಷೆಯೂ ಆಗಲಿ. ಥೈರಾಯ್ಡ್ ಕಡಿಮೆಯಾದರೆ ಮಂಕು ಕವಿಯುತ್ತದೆ. ಬಿ12 ಜೀವಸತ್ವ ಕಡಿಮೆಯಾದರೆ ಕೈಕಾಲು ಜೋಮು ಹಿಡಿಯುವುದು, ಮರೆವು, ಬೇಸರ ಬರುತ್ತವೆ. ಶಾಕಾಹಾರಿಗಳಾದ ನಮಗೆ ಅದು ಸಿಗುವುದು ಮುಖ್ಯವಾಗಿ ಹಾಲು, ಮೊಸರುಗಳಿಂದ. ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗುವವರಲ್ಲಿ ಅದು ಇನ್ನಷ್ಟು ಇಳಿಯುತ್ತದೆ. ಸಸ್ಯಾಹಾರಿ, ಸಕ್ಕರೆ ಕಾಯಿಲೆಯ ತಾಯಿಗೆ ಈ ಪರೀಕ್ಷೆ ಮಾಡಿಸುವುದು ಅಗತ್ಯವೆಂದೇ ನಮ್ಮ ಅಭಿಪ್ರಾಯ. ಕಿವಿಯನ್ನೂ ಪರೀಕ್ಷಿಸಿರಿ. ಕಿವಿ ಮಂದವಾದವರು ಎದುರಿನವರ ತುಟಿ ನೋಡಿ ಮಾತು ತಿಳಿಯುತ್ತಾರೆ; ಎಲ್ಲರೂ ಮಾಸ್ಕ್ ಕಟ್ಟಿಕೊಂಡಾಗ ಅವರಿಗೆ ಲೋಕವೇ ಮೂಕವಾಯಿತು. ಆಗ ಮಾತು ಬಿಟ್ಟವರು ಮತ್ತೆ ಹಿಡಿದಿಲ್ಲ, ಮನೆಯವರು ಅದನ್ನು ಮರೆವಿನ ಕಾಯಿಲೆ ಎಂದುಕೊಂಡಿದ್ದಾರೆ.

ಚೀಟಿ ಇಲ್ಲದೆ ಔಷಧಿ ಅಂಗಡಿಯಿಂದ ನಿದ್ದೆಯ ಗುಳಿಗೆ ತಂದುಕೊಡುವುದನ್ನು ದಯವಿಟ್ಟು ನಿಲ್ಲಿಸಿರಿ. ರಾತ್ರಿ ಎದ್ದಾಗ ಜೋಲಿ ಹೊಡೆದು ಬೀಳುತ್ತಾರೆ, ತೊಡೆಯ ಎಲುಬು ಮುರಿಯುತ್ತದೆ, ಗುಳಿಗೆಗೆ ಮೈ ಹೊಂದಿಕೊಂಡು ಬಿಡಲಾಗದಂತಾಗುತ್ತದೆ. ಖಿನ್ನತೆಗೆ ಕೊಡುವ ಗುಳಿಗೆಗಳು ಬೇರೆ. ಅವು ಚಟ ಹಿಡಿಸುವಂಥವಲ್ಲ, ಗುಣ ಕಾಣಲು ಮೂರು ನಾಲ್ಕು ವಾರ ಬೇಕು, ಗುಣವಾದ ಮೇಲೂ ಕೆಲವು ತಿಂಗಳು ಮುಂದುವರಿಸಬೇಕು. ಹಿರಿಯರಲ್ಲಿ, ವಿಶೇಷವಾಗಿ ಮೂತ್ರ ಹೆಚ್ಚಿಸುವ ಬಿಪಿ ಗುಳಿಗೆ ನುಂಗುವವರಲ್ಲಿ, ಇವುಗಳಿಂದ ರಕ್ತದ ಸೋಡಿಯಂ ಇಳಿಯುವುದುಂಟು. ಆದ್ದರಿಂದ ಹಳೆಯ ಚೀಟಿಗಳನ್ನೆಲ್ಲ ವೈದ್ಯರ ಮುಂದಿಡಬೇಕು. ಎಲ್ಲರಿಗೂ ಗುಳಿಗೆಯೇ ಬೇಕೆಂದಿಲ್ಲ. ಸೌಮ್ಯವಾದ ಖಿನ್ನತೆ ಆಪ್ತಸಮಾಲೋಚನೆಯಿಂದ, ದಿನದ ನಡಿಗೆಯಿಂದ, ಕೈಗೆ ಮತ್ತೆ ಕೆಲಸ ಬಂದುದರಿಂದ ಇಳಿದದ್ದುಂಟು.

"ಸತ್ತರ ಚಲೋ ಆಗಿತ್ತು" ಎಂಬ ಮಾತು ನಮ್ಮ ಕಡೆಯ ಹಿರಿಯರ ಬಾಯಲ್ಲಿ ಸಹಜವಾಗಿ ಬರುತ್ತದೆ. ಆದರೂ ಅದನ್ನು ಕೇಳಿಯೂ ಕೇಳದಂತೆ ಬಿಡಬಾರದು. ಬಳಿ ಕುಳಿತು ಕೇಳಿರಿ. ಕೇಳಿದರೆ ಆ ವಿಚಾರ ತಲೆಗೆ ಹೋಗುತ್ತದೆಂಬ ಭಯ ಬೇಡ. ಹೊಲದ ಔಷಧಿ, ಉಳಿದ ಗುಳಿಗೆಗಳ ಸಂಗ್ರಹ ಬೀಗದಲ್ಲಿರಲಿ, ಅದೇ ದಿನ ವೈದ್ಯರನ್ನು ಕಾಣಿರಿ.

ಹೊತ್ತಲ್ಲದ ಹೊತ್ತಿನಲ್ಲಿಯೂ ಉಚಿತವಾಗಿ ಕನ್ನಡದಲ್ಲಿ ಮಾತಾಡಲು 14416 ಸಂಖ್ಯೆಯ 'ಟೆಲಿ ಮಾನಸ್' ಇದೆ. 2022ರ ಅಕ್ಟೋಬರ್ 10ರಿಂದ ದೇಶದಾದ್ಯಂತ ನಡೆಯುತ್ತಿದೆ. ಪಿಂಚಣಿ, ಆರೈಕೆ, ಮನೆಯಲ್ಲಿ ಕಿರುಕುಳ ಮೊದಲಾದ ವಿಷಯಗಳಿಗೆ ಹಿರಿಯರ ಸಹಾಯವಾಣಿ 14567. ಬೆಳಗಾವಿಯ ಜಿಲ್ಲಾ ಆಸ್ಪತ್ರೆಯಲ್ಲಿ ಮನೋರೋಗ ವಿಭಾಗವಿದೆ, ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ. ತಾಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ 'ಮನೋಚೈತನ್ಯ' ಎಂಬ ಏರ್ಪಾಡನ್ನು ರಾಜ್ಯ ಸರ್ಕಾರ ಮಾಡಿದೆ. ಖಾನಾಪುರದ ಕಡೆಯ ಭಕ್ತರು ದೂರದ ಹಳ್ಳಿಯಿಂದ ಹೊರಡುವ ಮುನ್ನ ಆ ವಾರದ ಭೇಟಿಯನ್ನು ಆಶಾ ಕಾರ್ಯಕರ್ತೆಯಿಂದ ವಿಚಾರಿಸಿಕೊಳ್ಳುವುದು ಒಳ್ಳೆಯದು. ಹೋಗುವಾಗ ಗುಳಿಗೆಯ ಡಬ್ಬಿಯನ್ನೇ ಚೀಲದಲ್ಲಿ ಹಾಕಿಕೊಂಡು ಹೋಗಿರಿ. ವೈದ್ಯರ ಮುಂದೆ ಮಗನಾಗಲಿ ಸೊಸೆಯಾಗಲಿ ಮೊದಲು ಮಾತಾಡದೆ ತಾಯಿಗೇ ಬಿಡಲಿ. ಅವಳು ಮಂಡಿನೋವಿನಿಂದ ಆರಂಭಿಸುತ್ತಾಳೆ, ಮುಂದಿನ ಮಾತು ಬರಲು ಸ್ವಲ್ಪ ಹೊತ್ತು ಬೇಕಾಗುತ್ತದೆ.